ಏಳಡಿ ಕೊಕ್ಕರೆಯ ಮೆರವಣಿಗೆ

ಅರಿವೆ ಒಗೆಯುವ ಮೊದಲು ಜೇಬುಗಳ ತಪಾಸಣೆ ನಡೆಸುವುದು ನನ್ನ ಹೆಂಡತಿ ಸುಮಿತ್ರಾಳಿಗೆ ಮದುವೆಯ ಜೊತೆಗೇ ಬಂದ ಅಧಿಕಾರ. ಸಿಕ್ಕಿದ್ದನ್ನು ತಂದು, ಪೇಪರು ಹಿಡಿದು ಕುಳಿತ ನನ್ನ ಮುಂದಿಟ್ಟು, ವಿವರಣೆ ಕೇಳುತ್ತಾಳೆ. ಬಸ್ಸಿನ ಟಿಕೆಟು, ಅರ್ಧ ಅಡಿಕೆ, ಮೊಣಕಾಲಿನ ಡಾಕ್ಟರು ಬರೆದುಕೊಟ್ಟು ನಾನು ಕೊಳ್ಳದೇ ಬಿಟ್ಟ ಗುಳಿಗೆಯ ಚೀಟಿ, ಇವಕ್ಕೆಲ್ಲ ನನ್ನಲ್ಲಿ ಸಿದ್ಧ ಉತ್ತರಗಳಿವೆ. ಮೊನ್ನೆ ಸಿಕ್ಕಿದ್ದು ಒಂದು ಬಿಲ್ಲೆ. ಹಳದಿ ರಿಬ್ಬನ್ನನ್ನು ಹೂವಿನ ಹಾಗೆ ಮಡಚಿ, ನಡುವೆ ಗುಂಡಗಿನ ರಟ್ಟು ಅಂಟಿಸಿ, ಅದರ ಮೇಲೆ ಮರಾಠಿಯಲ್ಲಿ ‘ಕಾರ್ಯಕರ್ತ’ ಎಂದು ಅಚ್ಚು ಹಾಕಿದ್ದು. ಗಣಪತಿ ಹಬ್ಬದಲ್ಲಿ ಮಂಡಳದ ಹುಡುಗರು ಎದೆಗೆ ಚುಚ್ಚಿಕೊಂಡು, ದೇಶದ ಭಾರವೆಲ್ಲ ತಮ್ಮ ಮೇಲೇ ಇದೆಯೆಂಬಂತೆ ಓಡಾಡುತ್ತಾರಲ್ಲ, ಅಂಥದ್ದು. ಹಿಂಬದಿಯಲ್ಲಿ ಇರಬೇಕಾದ ಪಿನ್ನು ಮಾತ್ರ ಇರಲಿಲ್ಲ.

“ಇದನ್ನ ಒಗೀಬೇಕೋ, ಪೂಜಿ ಮಾಡಬೇಕೋ?” ಎಂದಳು ಸುಮಿತ್ರಾ.

“ಹಂಗ ಇಡು ಅಲ್ಲೆ.”

“ಪಿನ್ನ ಎಲ್ಲಿ ಹೋತು?”

“ಅದು ದೊಡ್ಡ ಕಥಿ.”

“ನಿಮ್ಮದು ಸಣ್ಣ ಕಥಿ ಯಾವಾಗಿತ್ತು?” ಎಂದು ಅವಳು ಉಳಿದ ಜೇಬುಗಳ ಕಡೆ ಹೋದಳು. ಹಾಗಾಗಿ ಅದನ್ನು ನಿಮಗೆ ಹೇಳುವ ಪ್ರಸಂಗ ಬಂದಿದೆ. ನಿಮಗೂ ಜೇಬುಗಳ ಕೆಲಸವಿದ್ದರೆ ಸಂಕೋಚವಿಲ್ಲದೆ ಹೋಗಬಹುದು.

ಮೊದಲು ನನ್ನ ಯೋಗ್ಯತೆ. ಪುಣೆಯ ಖಡಕಿಯಲ್ಲಿ ಒಂದು ಸರಕಾರಿ ಉಗ್ರಾಣದ ಕಚೇರಿಯಲ್ಲಿ ನಾನು ಮೂವತ್ನಾಲ್ಕು ವರ್ಷ ಆವಕ–ಜಾವಕದ ಗುಮಾಸ್ತನಾಗಿದ್ದೆ. ಬಂದ ಕಾಗದವನ್ನು ಬಂತೆಂದು ಬರೆದುಕೊಳ್ಳುವುದು, ಹೋದ ಕಾಗದವನ್ನು ಹೋಯಿತೆಂದು ಬರೆದುಕೊಳ್ಳುವುದು. ನಡುವೆ ಯಾವುದಾದರೂ ಕಾಗದ ಎಲ್ಲಿಗೂ ಹೋಗಲಾರದೆ ಮೇಜಿನ ಮೇಲೆ ಕುಳಿತರೆ, ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕುವುದು. ಎಷ್ಟು ಸಾವಿರ ಕಾಗದಗಳ ಮೇಲೆ ಹಾಗೆ ಬರೆದೆನೋ. ಅವುಗಳಲ್ಲಿ ಒಂದನ್ನಾದರೂ ನೋಡಿದ ನೆನಪು ನನಗಿಲ್ಲ. ನಿವೃತ್ತಿಯಾದರೆ ದಣಿವು ಆರುತ್ತದೆ ಎಂದು ಬೀಳ್ಕೊಡುಗೆಯ ದಿನ ಸಾಹೇಬರು ಭಾಷಣ ಮಾಡಿದ್ದರು. ಅವರಿನ್ನೂ ನಿವೃತ್ತರಾಗಿರಲಿಲ್ಲ, ಆದ್ದರಿಂದ ಕ್ಷಮಿಸಿದ್ದೇನೆ. ದಣಿವು ಆರಲಿಲ್ಲ. ಅದಕ್ಕೆ ಕೂತುಕೊಳ್ಳಲು ಒಂದು ಕುರ್ಚಿ ಸಿಕ್ಕಿತು, ಅಷ್ಟೇ.

ಇಂಥ ಮನುಷ್ಯನ ಮಗಳು ಪಲ್ಲವಿ. ವಯಸ್ಸು ಇಪ್ಪತ್ತಾರು. ವಿಮಾನ ನಗರದ ಒಂದು ಕಚೇರಿಯಲ್ಲಿ ಕುಳಿತು, ಯಾವುದೋ ದೂರ ದೇಶದ ಜನ ತಮ್ಮ ಮನೆಯ ಫ್ರಿಜ್ಜು ತಣ್ಣಗಾಗುತ್ತಿಲ್ಲ ಎಂದು ಫೋನು ಮಾಡಿದರೆ ಅವರಿಗೆ ಸಮಾಧಾನ ಹೇಳುವುದು ಅವಳ ಉದ್ಯೋಗ. ಅವಳ ಪ್ರವೃತ್ತಿ ಬೇರೆ. ಅದಕ್ಕೆ ಕಾಸ್‌ಪ್ಲೇ ಎಂದು ಹೆಸರು. ಇದನ್ನು ನನಗೆ ನಾಲ್ಕು ಸಲ ವಿವರಿಸಲಾಗಿದೆ. ಚಿತ್ರಕಥೆಯಲ್ಲೋ ಆಟದಲ್ಲೋ ಬರುವ, ಇಲ್ಲವೇ ಸ್ವಂತ ತಲೆಯಿಂದ ಹುಟ್ಟಿದ ಒಂದು ಪಾತ್ರದ ವೇಷವನ್ನು, ನೆತ್ತಿಯಿಂದ ಹಿಮ್ಮಡಿಯವರೆಗೆ ತಾನೇ ತಯಾರಿಸಿ, ತಾನೇ ತೊಟ್ಟು, ಫೋಟೋ ತೆಗೆಸಿಕೊಳ್ಳುವುದು. ನಾಟಕವಿಲ್ಲ, ಸಂಭಾಷಣೆಯಿಲ್ಲ, ಕೊನೆಗೆ ಮಂಗಳಾರತಿಯೂ ಇಲ್ಲ. “ಮತ್ತ ಇದರಾಗ ಏನದ?” ಎಂದು ನಾಲ್ಕನೆಯ ಸಲವೂ ಕೇಳಿದ್ದಕ್ಕೆ, ಐದನೆಯ ಸಲ ವಿವರಿಸುವುದನ್ನು ಅವಳು ಕೈಬಿಟ್ಟಳು.

ಅವಳ ಪಾತ್ರ ಒಂದು ಕೊಕ್ಕರೆ. ಯೆರವಡಾದ ಸೇತುವೆಯ ಮೇಲೆ ಗಾಡಿಗಳ ಸಾಲಿನಲ್ಲಿ ದಿನಾ ಸಿಕ್ಕಿಬೀಳುವಾಗ, ಕೆಳಗೆ ನದಿಯಲ್ಲಿ, ನದಿ ಎಂದು ಒಪ್ಪಿಕೊಳ್ಳುವುದಾದರೆ, ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯನ್ನು ಅವಳು ನೋಡುತ್ತಿದ್ದಳಂತೆ. ಅದನ್ನೇ ಆ ಹೊಳೆಯ ಕಾವಲುಗಾರ್ತಿಯನ್ನಾಗಿ ಕಲ್ಪಿಸಿದಳು. ನೀರೆಲ್ಲ ಕೆಟ್ಟುಹೋದರೂ ಯಾರೂ ಬಂದು ಬಿಡುಗಡೆಯ ಆದೇಶ ಕೊಡದಿದ್ದರಿಂದ ಇನ್ನೂ ಡ್ಯೂಟಿಯ ಮೇಲಿರುವ ಕೊಕ್ಕರೆ. ಪಾತ್ರದ ಸ್ವಭಾವ ನನಗೆ ಹಿಡಿಸಿತ್ತು. ಹೇಳಲಿಲ್ಲ.

ಎದೆಕವಚ ಯೋಗದ ಚಾಪೆಯದು. ತಲೆಯ ಮೇಲೆ ಕಿರೀಟದ ಹಾಗೆ ಕೂರುವ ಕೊಕ್ಕು ಒಂದೂವರೆ ಅಡಿ. ರೆಕ್ಕೆಗಳು ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಒಂಬತ್ತು ಅಡಿ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಗರಿಗಳು, ಒಂದೊಂದಕ್ಕೂ ನಡುವೆ ಸಣ್ಣ ತಂತಿ. ಆ ಗರಿಗಳ ಮೂಲದ್ರವ್ಯ ನನ್ನ ನಾಲ್ಕು ಧೋತರಗಳು. ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ, ಕತ್ತರಿಸಿದ್ದು. ಒಂದೂವರೆ ವರ್ಷ ನಮ್ಮ ಊಟದ ಮೇಜು ಗರಿಗಳ ಉಗ್ರಾಣವಾಯಿತು. ನಾವು ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಆ ಒಂದೂವರೆ ವರ್ಷ ನಾನು ಏನು ಮಾಡುತ್ತಿದ್ದೆ ಎಂದು ಕೇಳಿದರೆ, ಪೇಪರು ಓದುತ್ತಿದ್ದೆ. ಪುಟ ತಿರುಗಿಸುವಾಗ ಗರಿಗಳು ಹಾರದಿರಲಿ ಎಂದು ನಿಧಾನವಾಗಿ ತಿರುಗಿಸುತ್ತಿದ್ದೆ. ಅದು ನನ್ನ ಸಹಕಾರ.

ಈಗ ಮುಖ್ಯ ವಿಷಯ. ಮುಂಬಯಿಯಲ್ಲಿ ರಂಗಭೂಮಿಗೂ ಸಿನೆಮಾಕ್ಕೂ ವೇಷಭೂಷಣ ತಯಾರಿಸುವ ಒಂದು ದೊಡ್ಡ ಕಾರ್ಯಾಗಾರವಿದೆ. ವರ್ಷಕ್ಕೆ ಆರು ಮಂದಿಯನ್ನು ಕಲಿಯಲು ತೆಗೆದುಕೊಳ್ಳುತ್ತಾರೆ. ಅರ್ಜಿಯ ಜೊತೆ ಒಂದೇ ಒಂದು ಫೋಟೋ ಕಳಿಸಬೇಕು. ಅದಕ್ಕೊಂದು ವಿಚಿತ್ರ ಕರಾರು. ವೇಷ ತೊಟ್ಟವರು ಗದ್ದಲದ ಸಾರ್ವಜನಿಕ ಜಾಗದಲ್ಲಿರಬೇಕು, ಸುತ್ತಲಿನ ಜನ ತಮ್ಮ ತಮ್ಮ ಕೆಲಸದಲ್ಲಿರಬೇಕು, ಒಬ್ಬರೂ ವೇಷದ ಕಡೆ ನೋಡುತ್ತಿರಬಾರದು, ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿರಬಾರದು. ಆ ಲೋಕಕ್ಕೆ ಸೇರಿದ ಜೀವಿಯಂತೆ ವೇಷ ಕಾಣಬೇಕು ಎಂಬುದು ಅವರ ಉದ್ದೇಶವಂತೆ. ವಯಸ್ಸಿನ ಮಿತಿ ಇಪ್ಪತ್ತಾರು. ಅಂದರೆ ಪಲ್ಲವಿಗೆ ಇದೇ ಕೊನೆಯ ವರ್ಷ. ಇದು ತಪ್ಪಿದರೆ ಫ್ರಿಜ್ಜುಗಳು ಅವಳನ್ನು ಅರವತ್ತರವರೆಗೆ ಬಿಡುವುದಿಲ್ಲ.

ಈ ಕರಾರು ಬರೆದವರು ಪುಣೆಯನ್ನು ನೋಡಿಲ್ಲ. ಇಲ್ಲಿ ರಸ್ತೆಯ ನಡುವೆ ಒಬ್ಬ ನಿಂತು ಆಕಾಶ ನೋಡಿದರೆ ಹತ್ತು ಜನ ಸೇರುತ್ತಾರೆ, ಹನ್ನೊಂದನೆಯವನು ಬಂದು, ಆಕಾಶವನ್ನು ನೋಡುವ ಸರಿಯಾದ ಕ್ರಮ ಅದಲ್ಲ ಎಂದು ತಿಳಿಸಿಕೊಡುತ್ತಾನೆ.

ಮೊದಲ ಪ್ರಯತ್ನ ಕ್ಯಾಂಪ್ ಎಂಬ ಬಡಾವಣೆಯ ಒಂದು ಅಂಗಡಿಬೀದಿಯಲ್ಲಿ ನಡೆಯಿತು. ನಾನು ಹೋಗಿರಲಿಲ್ಲ, ಫೋಟೋ ತೆಗೆಯುವ ಸುಹಾಸನ ವರದಿ ನನ್ನ ಬಳಿಯಿದೆ. ಸುಹಾಸ ಪಲ್ಲವಿಯ ಗೆಳೆಯರಲ್ಲೊಬ್ಬ, ಉಡುಪಿ ಕಡೆಯ ಹುಡುಗ. ಅವನ ಅಪ್ಪ ಯೆರವಡಾದಲ್ಲಿ ಹೋಟೆಲು ನಡೆಸುತ್ತಾರೆ. “ಏನು ಹೇಳುದು ಅಂಕಲ್,” ಎಂದ ಅವನು. “ರೆಕ್ಕೆ ಬಿಚ್ಚಿದ್ದೇ ತಡ, ಜನ ಮುತ್ತಿಕೊಂಡ್ರು ಮಾರಾಯ್ರೆ. ಸೆಲ್ಫಿಗೆ ಕ್ಯೂ. ಒಬ್ರು ಬಂದು ಅವರ ಪಾಪುವನ್ನೇ ಇವಳ ಕೈಗೆ ಕೊಟ್ಟುಬಿಟ್ರು. ಅದು ಕೊಕ್ಕು ನೋಡಿ ಒಂದೇ ಸಮ ಬೊಬ್ಬೆ.” ಯಾವ ಪಕ್ಷದ ಪ್ರಚಾರ ಎಂದು ಕೆಲವರು ಕೇಳಿದರಂತೆ, ಯಾವ ಸಾಬೂನಿನದು ಎಂದು ಇನ್ನು ಕೆಲವರು. ಒಬ್ಬ ಅಜ್ಜಿ ಮಾತ್ರ ಹತ್ತಿರ ಬಂದು, ಬಿಸಿಲಲ್ಲಿ ನಿಂತಿದ್ದೀಯಲ್ಲ, ಉಂಡಿದ್ದೀಯಾ ಎಂದಳಂತೆ. ಎರಡು ತಾಸಿನಲ್ಲಿ ಮನುಷ್ಯರ ಬೆನ್ನು ಕಾಣುವ ಒಂದು ಫೋಟೋವೂ ಬರಲಿಲ್ಲ.

ಎರಡನೆಯ ಪ್ರಯತ್ನ ವಿಮಾನ ನಗರದ ಒಂದು ಮಾಲಿನ ಮುಂದೆ. ಅಲ್ಲಿಯ ಕಾವಲಿನವನು ಕೊಕ್ಕನ್ನು ಮುಟ್ಟಿ ನೋಡಿ, ಚೂಪಾದ ವಸ್ತುಗಳಿಗೆ ಆವರಣದಲ್ಲಿ ಪ್ರವೇಶವಿಲ್ಲ ಎಂದ. ಕಾವಲುಗಾರ್ತಿಗೂ ಕಾವಲುಗಾರನಿಗೂ ಸ್ವಲ್ಪ ಮಾತಾಯಿತು. ಗೆದ್ದವನು ಸಂಬಳ ಪಡೆಯುವವನು.

ಆವತ್ತು ಆಟೋದಿಂದ ಮೊದಲು ಕೊಕ್ಕು ಇಳಿಯಿತು, ಆಮೇಲೆ ಪಲ್ಲವಿ. ಕೊಕ್ಕನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಗೋಡೆಗೆ ಆತು ನೆಲದ ಮೇಲೆ ಕುಳಿತಳು. ಸಿಟ್ಟು ಮಾಡುತ್ತಾಳೆಂದು ನಾನು ಪೇಪರನ್ನು ಸಿದ್ಧವಾಗಿ ಹಿಡಿದಿದ್ದೆ. ಅವಳು ಸಿಟ್ಟು ಮಾಡಲಿಲ್ಲ.

“ಮುಗೀತಮ್ಮಾ,” ಎಂದಳು. “ನಾಳಿಂದ ಟೇಬಲ್ ಮ್ಯಾಲೆ ಊಟ ಮಾಡೋಣು.”

ಸುಮಿತ್ರಾ ನನ್ನ ಪೇಪರಿನ ಮೇಲಂಚಿನಿಂದ ನನ್ನನ್ನು ನೋಡಿದಳು. “ನೀವು ಏನರೆ ಮಾಡ್ರಲ್ಲ.”

“ನಾ ಏನ ಮಾಡ್ಲಿ? ನಾ ಏನು ಕ್ಯಾಮೆರಾ ಹಿಡೀತೇನೇನು?”

“ನಿಮಗ ಏನ ಬರ್ತದ, ಅದನ್ನ ಮಾಡ್ರಿ.”

ನನಗೆ ಬರುವುದು ಒಂದೇ. ನಾನು ಅರ್ಜಿ ಬರೆದೆ.

ಇದು ನನ್ನ ಪೀಳಿಗೆಯ ಗುಮಾಸ್ತರ ಒಂದು ಕಾಯಿಲೆ. ಯಾರೂ ಕೇಳದ ಅನುಮತಿಯನ್ನು ನಾವು ಹೋಗಿ ಕೇಳುತ್ತೇವೆ. ಪಲ್ಲವಿಯ ಗೆಳೆಯರು ಹೇಳುವ ಪ್ರಕಾರ, ಇಂಥ ಕೆಲಸವನ್ನು ಐದು ನಿಮಿಷದಲ್ಲಿ ಕದ್ದು ಮುಗಿಸಿ ಓಡಬೇಕು. ಕದ್ದು ಮಾಡಿದ ಕೆಲಸಕ್ಕೆ ಜಾವಕ ನಂಬರು ಎಲ್ಲಿಂದ ಬರುತ್ತದೆ? ಕಚೇರಿಗಳಿಗೆಂದೇ ಇಟ್ಟುಕೊಂಡ ಬಿಳಿ ಅಂಗಿ ತೊಟ್ಟು, ಮೂರು ಪ್ರತಿಗಳೊಂದಿಗೆ ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿ ಕೊಕ್ಕರೆಗೆ ನಮೂನೆ ಇರಲಿಲ್ಲ. ಸಭೆಗೆ ಇತ್ತು, ಮಂಟಪಕ್ಕೆ ಇತ್ತು, ಧ್ವನಿವರ್ಧಕಕ್ಕೆ ಇತ್ತು, ಮೆರವಣಿಗೆಗೆ ಇತ್ತು. ನಾಲ್ಕನ್ನೂ ಓದಿ, ಆತ್ಮಸಾಕ್ಷಿಗೆ ಅತಿ ಕಡಿಮೆ ನೋವು ಕೊಡುವ ಮೆರವಣಿಗೆಯನ್ನು ಆಯ್ದುಕೊಂಡೆ.

ಭಾಗವಹಿಸುವವರ ಸಂಖ್ಯೆ: ಒಂದು. ಮೂರ್ತಿಯ ಎತ್ತರ: ಕೊಕ್ಕು ಸೇರಿ ಏಳು ಅಡಿ. ವಾದ್ಯ: ಇಲ್ಲ. ಘೋಷಣೆ: ಇಲ್ಲ. ವಿಸರ್ಜನೆಯ ಸ್ಥಳ ಎಂಬ ಕಲಮಿನ ಮುಂದೆ ಸ್ವಲ್ಪ ಹೊತ್ತು ಪೆನ್ನು ನಿಂತಿತು. ‘ಸ್ವಗೃಹ’ ಎಂದು ಬರೆದೆ. ಮೇಜಿನ ಆಚೆಯ ಗುಮಾಸ್ತ ಇಡೀ ಅರ್ಜಿಯನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ನಾನೂ ಅವನ ಜಾತಿಯವನೇ ಎಂದು ಅಕ್ಷರದಿಂದಲೇ ಗುರುತಿಸಿದನೆಂದು ಕಾಣುತ್ತದೆ. ಎಲ್ಲ ಕಲಮು ತುಂಬಿದ ಅರ್ಜಿಯನ್ನು ತಿರಸ್ಕರಿಸುವುದಕ್ಕೆ ನಮ್ಮವರಿಗೆ ಮನಸ್ಸು ಬರುವುದಿಲ್ಲ. ವಾರದಲ್ಲಿ ಅನುಮತಿ ಬಂತು. ಶನಿವಾರ ಬೆಳಗ್ಗೆ ಹತ್ತರಿಂದ ಹನ್ನೊಂದು, ಲಕ್ಷ್ಮೀ ರಸ್ತೆಯ ಅರ್ಧ ಭಾಗ. ಕೆಳಗೆ ಅಚ್ಚು ಹಾಕಿದ ಷರತ್ತುಗಳು. ಮೆರವಣಿಗೆ ಎಲ್ಲಿಯೂ ನಿಲ್ಲತಕ್ಕದ್ದಲ್ಲ. ಕಾರ್ಯಕರ್ತರು ಬಿಲ್ಲೆ ಧರಿಸತಕ್ಕದ್ದು. ಬಿಲ್ಲೆಯಿಲ್ಲದವರು ಮೆರವಣಿಗೆಯೊಳಗೆ ಇರತಕ್ಕದ್ದಲ್ಲ.

“ಅಪ್ಪಾ, ನಿಲ್ಲಂಗಿಲ್ಲ ಅಂದ್ರ ಫೋಟೋ ಹೆಂಗ ತಗೀಬೇಕು?” ಎಂದಳು ಪಲ್ಲವಿ. ಕಾಗದವನ್ನು ತಿರುವಿ ಮುರುವಿ ನೋಡಿದಳು. ಅಳುವುದೋ ನಗುವುದೋ ಎಂದು ಅವಳಿಗೂ ತಿಳಿದ ಹಾಗೆ ಕಾಣಲಿಲ್ಲ. ಕೊನೆಗೆ ಮಡಚಿ ನನ್ನ ಕೈಗೆ ಕೊಟ್ಟು, “ಇರಲಿ. ನೀನೂ ಬಾ ಹಂಗಾರ,” ಎಂದಳು. ಮಂಡಳದ ಒಬ್ಬ ಪರಿಚಯದವನಿಂದ ಹೋದ ವರ್ಷದ ಎರಡು ಬಿಲ್ಲೆ ತಂದೆ. ಒಂದು ನನಗೆ, ಒಂದು ಸುಹಾಸನಿಗೆ.

ಇಲ್ಲಿ ಒಂದು ಮಾತು ನೆನಪಾಗುತ್ತಿದೆ, ಹೇಳಿಯೇ ಮುಂದೆ ಹೋಗುತ್ತೇನೆ. ವೇಷದ ಅನುಭವ ನನಗೆ ಇಲ್ಲವೆಂದು ತಿಳಿಯಬೇಡಿ. ನಮ್ಮೂರು ಇಂಡಿಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ನನಗೆ ಪಾತ್ರ ಕೊಟ್ಟಿದ್ದರು. ಆನೆಯ ಹಿಂದಿನ ಕಾಲು. ಮುಂದಿನ ಕಾಲು ಹೆಡ್ ಮಾಸ್ತರರ ಮಗನದು. ಸೊಂಡಿಲಾಡಿಸುವ ಭಾಗ್ಯವೂ ಅವನದೇ. ನಮ್ಮಿಬ್ಬರ ಮೇಲೆ ಮಸಿ ಬಳಿದ ಜಮಖಾನೆ. ಒಂದು ತಿಂಗಳ ತಾಲೀಮಿನಲ್ಲಿ ನಾನು ಕಂಡ ನಾಟಕವೆಂದರೆ ಹೆಡ್ ಮಾಸ್ತರರ ಮಗನ ಚಡ್ಡಿಯ ಹೊಲಿಗೆ. ಆವತ್ತು ಆಟ ಮುಗಿದು ಮುಖದ ಮಸಿಯೊಂದಿಗೆ ಮನೆಗೆ ಬಂದರೆ, ಅವ್ವ, “ನೀ ಯಾವಾಗ ಸ್ಟೇಜ್ ಮ್ಯಾಲೆ ಬಂದಿದ್ಯೋ? ನನಗ ಕಾಣಲೇ ಇಲ್ಲ,” ಎಂದಳು. ಅಪ್ಪ ಮಾತು ಕಡಿಮೆಯ ಮನುಷ್ಯ. ಕೋಟು ಗೂಟಕ್ಕೆ ಹಾಕುತ್ತ, ಗೋಡೆಗೆ ಹೇಳಿದಂತೆ ಹೇಳಿದ: “ಹಿಂದಿನ ಕಾಲು ಛಲೋ ನಡದ್ವು. ಮುಂದಿನವು ಎರಡು ಸಲ ಎಡವಿದ್ವು.” ಅಷ್ಟೇ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ನನ್ನ ಬಗ್ಗೆ ಅವನು ಆಡಿದ ಒಳ್ಳೆಯ ಮಾತು ಯಾವುದು ಎಂದು ಹುಡುಕಿದರೆ ಈಗಲೂ ಆ ಕಾಲುಗಳೇ ಸಿಗುತ್ತವೆ.

ಶನಿವಾರ ಹತ್ತಕ್ಕೆ ಲಕ್ಷ್ಮೀ ರಸ್ತೆಯ ಒಂದು ಮೂಲೆಯಲ್ಲಿ ನಾವು ರೆಕ್ಕೆ ಕಟ್ಟುತ್ತಿದ್ದಾಗ, ಬಂದೋಬಸ್ತಿಗೆ ಒಬ್ಬ ಹವಾಲ್ದಾರ ಬಂದ. ಹೆಸರು ಬಿರಾದಾರ. ಮೊದಲು ಮರಾಠಿಯಲ್ಲೇ ಶುರು ಮಾಡಿದವನು, ನಾನು ಪಲ್ಲವಿಗೆ ‘ಕೈ ಮ್ಯಾಲೆತ್ತು’ ಅಂದದ್ದು ಕೇಳಿ ಮುಖ ಅರಳಿಸಿದ.

“ಕನ್ನಡದವರೇನ್ರಿ? ನಮ್ದು ಜತ್ತ ಕಡೀ ಹಳ್ಳಿರಿ. ಮೆರವಣಿಗಿ ಎಲ್ಲೈತ್ರಿ?”

“ಇದ ರೀ,” ಎಂದು ಮಗಳನ್ನು ತೋರಿಸಿದೆ.

“ಉಳದವ್ರು?”

“ಇಷ್ಟ ರೀ.”

ಅವನು ಕಾಗದ ತೆಗೆದು ಮತ್ತೆ ಓದಿದ. “ಸಂಖ್ಯೆ ಒಂದು. ನಾ ತಿಳ್ಕೊಂಡಿದ್ದೆ, ಬರಿಯೋವಾಗ ಮೂರು ಸೊನ್ನಿ ಬಿಟ್ಟಾರ ಅಂತ.” ಆಮೇಲೆ ಪಲ್ಲವಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ತಂಗೀ, ಇದು ಯಾವ ದೇವ್ರವಾ?” ಎಂದ.

“ದೇವ್ರಲ್ಲರಿ, ಕೊಕ್ಕರಿ.”

“ಇರಲಿ ಬಿಡ. ನಮ್ಮ ಡ್ಯೂಟಿಗೆ ಎಲ್ಲಾ ಒಂದ. ನಡೀರಿ, ನಿಂದರಬ್ಯಾಡ್ರಿ.”

ಮೆರವಣಿಗೆಯ ಕ್ರಮ ಹೀಗಿತ್ತು. ಎಲ್ಲಕ್ಕೂ ಮುಂದೆ ಲಾಠಿ ಆಡಿಸುತ್ತ ಬಿರಾದಾರ. ಹಿಂದೆ ನಾನು, ಎದೆಯ ಮೇಲೆ ಬಿಲ್ಲೆ, ಒಂದು ಕೈಯಲ್ಲಿ ಅನುಮತಿ ಪತ್ರ, ಹೆಗಲಿಗೆ ನೀರಿನ ಬಾಟಲಿಯ ಚೀಲ. ನನ್ನ ಹಿಂದೆ ಸುಹಾಸ, ಕ್ಯಾಮೆರಾ ಪಲ್ಲವಿಯ ಕಡೆ ಹಿಡಿದು ಹಿಮ್ಮುಖವಾಗಿ ನಡೆಯುವವನು. “ಅಂಕಲ್, ನನ್ನ ಬೆಲ್ಟ್ ಸ್ವಲ್ಪ ಹಿಡ್ಕೊಳ್ಳಿ ಮಾರಾಯ್ರೆ, ಬಿದ್ರೆ ಕ್ಯಾಮೆರಾ ಹೋಯ್ತು,” ಎಂದಿದ್ದ. ಆದ್ದರಿಂದ ನನ್ನ ಇನ್ನೊಂದು ಕೈ ಬೆನ್ನ ಹಿಂದೆ ಅವನ ಬೆಲ್ಟಿನಲ್ಲಿ. ಕೊನೆಯಲ್ಲಿ ಕೊಕ್ಕರೆ. ನನ್ನ ಕಣ್ಣಿಗೆ ಕಾಣುತ್ತಿದ್ದುದು ಬಿರಾದಾರನ ಕುತ್ತಿಗೆ ಮಾತ್ರ. ಐವತ್ತೈದು ವರ್ಷದ ನಂತರ ನಾನು ಮತ್ತೆ ಆನೆಯೊಳಗೆ ಬಂದಿದ್ದೆ.

ಬಿಸಿಲು ಬೇರೆ. ಮೊಣಕಾಲುಗಳು ಮೊದಲ ನೂರು ಹೆಜ್ಜೆಗೇ ರಾಜೀನಾಮೆ ಬರೆದಿದ್ದವು. ನಾನು ಸ್ವೀಕರಿಸಲಿಲ್ಲ.

ಆದರೆ ಒಂದು ಆಶ್ಚರ್ಯ ನಡೆಯಿತು. ಯಾರೂ ನೋಡಲಿಲ್ಲ. ಕ್ಯಾಂಪಿನಲ್ಲಿ ಮುತ್ತಿಕೊಂಡ ಅದೇ ಪುಣೆಯ ಜನ, ಇಲ್ಲಿ ಕಣ್ಣೆತ್ತಲಿಲ್ಲ. ಕಾರಣ ನನಗೆ ಅರ್ಧ ದಾರಿಯಲ್ಲಿ ಹೊಳೆಯಿತು. ಮುಂದೆ ಪೋಲೀಸು, ಹಿಂದೆ ಬಿಲ್ಲೆ ಹಾಕಿದ ಮುದುಕ, ಅವನ ಕೈಯಲ್ಲಿ ಕಾಗದ. ಅಂದರೆ ಮೆರವಣಿಗೆ. ಹುಟ್ಟಿದಾಗಿನಿಂದ ಮೆರವಣಿಗೆಗಳಿಗೆ ದಾರಿ ಬಿಟ್ಟು ಬಿಟ್ಟು ಸುಸ್ತಾದ ಊರು ಇದು. ಮೆರವಣಿಗೆಯಲ್ಲಿ ಏನು ಹೋಗುತ್ತಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಒಬ್ಬ ಸೀರೆ ಅಂಗಡಿಯವನು ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿದ, ಹನ್ನೊಂದಕ್ಕೆ ಎಂದೆ, ನಿಟ್ಟುಸಿರು ಬಿಟ್ಟು ಒಳಗೆ ಹೋದ. ಯಾರದೋ ಜಯಂತಿ ಇರಬೇಕೆಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಇನ್ನೊಬ್ಬಳು ಅತ್ತ ನೋಡದೆಯೇ ತಲೆಯಾಡಿಸಿ ಬಳೆಯ ಅಳತೆ ಹೇಳಿದಳು. ಸ್ಕೂಟರಿನವರು ರೇಗಿ ಹಾರ್ನು ಒತ್ತಿ ಪಕ್ಕಕ್ಕೆ ಹೋದರು. ಏಳಡಿಯ ಕೊಕ್ಕರೆಗೆ ದಾರಿ ಸಿಕ್ಕಿತು. ನೋಟ ಸಿಗಲಿಲ್ಲ.

“ಪಲ್ಲವೀ, ಸೂಪರ್! ಯಾರೂ ನೋಡ್ತಾ ಇಲ್ಲ! ರೆಕ್ಕೆ ಬಿಚ್ಚು, ಪೂರ್ತಿ ಬಿಚ್ಚು!” ಎಂದು ಸುಹಾಸ ನನ್ನ ಬೆನ್ನ ಹಿಂದೆ ಕೂಗಿದ.

ಅವಳು ಬಿಚ್ಚಿದಳೆಂದು ಕಾಣುತ್ತದೆ. ಟಪ್ ಎಂದು ಸದ್ದಾಯಿತು. “ಅಪ್ಪಾ!” ಎಂದಳು. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬೀಳುವ ಮುಂಚೆ ಕೂಗುತ್ತಿದ್ದ ಅದೇ ಧ್ವನಿ. ತಿರುಗಿದರೆ, ಎಡ ರೆಕ್ಕೆಯ ಹೆಗಲುಪಟ್ಟಿ ಬಕ್ಕಲಿನಿಂದ ಕಿತ್ತು ಬಂದಿದೆ. ನನ್ನ ಎರಡು ಧೋತರಗಳಷ್ಟು ಗರಿ ರಸ್ತೆಗೆ ಜೋತು ಬಿದ್ದಿವೆ. ಪಲ್ಲವಿ ನಿಂತುಬಿಟ್ಟಿದ್ದಾಳೆ.

“ನಿಂದರಬ್ಯಾಡ್ರಿ!” ಎಂದು ಬಿರಾದಾರ ಓಡಿ ಬಂದ. “ನಿಂತ್ರ ನಾ ನಿಂತಾರ ಅಂತ ಬರೀಬೇಕಾಕ್ಕೈತಿ. ತಂಗೀ, ನಿಂತಲ್ಲೇ ಕಾಲರೆ ಆಡಸವಾ.”

ಹೀಗಾಗಿ ಕೊಕ್ಕರೆ ಲಕ್ಷ್ಮೀ ರಸ್ತೆಯ ನಡುವೆ ನಿಂತಲ್ಲೇ ಹೆಜ್ಜೆ ಹಾಕತೊಡಗಿತು. ಕೊಕ್ಕಿನ ಕೆಳಗೆ ಅವಳ ಮುಖ ಬೆವರಿನಿಂದ ತೊಯ್ದಿತ್ತು. ಬಣ್ಣ ಇಳಿಯುತ್ತಿತ್ತು. “ಹತ್ತು ನಿಮಿಷ ಉಳದದ ಅಪ್ಪಾ. ಹೋತಿದು,” ಎಂದಳು. ಸುಹಾಸನ ಚೀಲದಲ್ಲಿ ಅಂಟು ಇತ್ತು, ಒಣಗಲು ಅರ್ಧ ತಾಸು ಬೇಕು. ದಾರವಿತ್ತು, ಸೂಜಿ ಇರಲಿಲ್ಲ. ನಾನು ಎದೆಯ ಬಿಲ್ಲೆ ಕಿತ್ತು, ಅದರ ಹಿಂದಿನ ದಪ್ಪ ಪಿನ್ನು ಬಿಡಿಸಿ, ಕುಣಿಯುತ್ತಿರುವ ಹೆಗಲಿನ ಜೊತೆ ನಾನೂ ಕುಣಿಯುತ್ತ, ಪಟ್ಟಿಯನ್ನು ಕವಚಕ್ಕೆ ಚುಚ್ಚಿದೆ. ಎರಡು ಸಲ ಬೆರಳಿಗೂ ಚುಚ್ಚಿದೆ. ಮೂರನೆಯ ಸಲ ಕೂತಿತು. ಬಿಲ್ಲೆಯ ಉಳಿದ ಭಾಗವನ್ನು ಜೇಬಿಗೆ ಹಾಕಿಕೊಂಡು ನನ್ನ ಜಾಗಕ್ಕೆ ಹೊರಟೆ.

“ಸಾಹೇಬ್ರ,” ಎಂದ ಬಿರಾದಾರ, ಬಹಳ ಮರ್ಯಾದೆಯಿಂದ. “ನಿಮ್ಮ ಬಿಲ್ಲಾ?”

“ಪಿನ್ನ ಅಲ್ಲಿಗೆ ಹಚ್ಚೇನ್ರಿ.”

“ಬಿಲ್ಲಾ ಇಲ್ಲದವ್ರು ಒಳಗ ಇರಾಂಗಿಲ್ಲರಿ. ನಿಮ್ಮ ಕಾಗದದಾಗ ಬರದೈತಿ. ನೀವೇ ತಂದ ಕಾಗದ.”

ಮೂವತ್ನಾಲ್ಕು ವರ್ಷದ ಸೇವೆಯಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ.

“ಮತ್ತ ಈ ಹುಡುಗನ ಬೆಲ್ಟು ಯಾರು ಹಿಡೀಬೇಕು?”

“ನಾ ಹಿಡೀತೇನ್ರಿ. ನೀವು ಬಾಜೂಕ ನಿಂದರ್ರಿ.”

ನಾನು ಬಾಜೂಕಿಗೆ, ಎಂದರೆ ರಸ್ತೆಯ ಪಕ್ಕಕ್ಕೆ ಹೋಗಿ, ಒಂದು ಪಾತ್ರೆ ಅಂಗಡಿಯ ಮೆಟ್ಟಿಲ ಹತ್ತಿರ, ಸಾರ್ವಜನಿಕರಲ್ಲಿ ಒಬ್ಬನಾಗಿ ನಿಂತೆ. ಮೆರವಣಿಗೆ ಮತ್ತೆ ಹೊರಟಿತು. ಹವಾಲ್ದಾರ ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿ ಸುಹಾಸನ ಬೆಲ್ಟು ಹಿಡಿದು ನನ್ನ ಮುಂದಿನಿಂದ ಹೋದ. ಸುಹಾಸ ಹೋದ. ಆಮೇಲೆ ಅವಳು ಬಂದಳು.

ಇದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ, ನನಗೆ ಕಾಗದದ ಭಾಷೆ ಮಾತ್ರ ಬರುತ್ತದೆ. ರೆಕ್ಕೆಗಳು ಎರಡೂ ಪೂರ್ತಿ ಬಿಚ್ಚಿದ್ದವು. ನಡೆದಂತೆಲ್ಲ ಗರಿಗಳು ಒಂದರ ಹಿಂದೊಂದು ಏಳುತ್ತಿದ್ದವು, ತುದಿಯವು ಕೊನೆಗೆ. ಹೆಗಲ ಬಳಿ ಬಿಳಿ ಇದ್ದದ್ದು ಕೆಳಕೆಳಗೆ ಬೂದಿಯಾಗಿ, ಅಂಚಿನಲ್ಲಿ ಆ ನದಿಯ ನೀರಿನ ಬಣ್ಣಕ್ಕೇ ತಿರುಗಿತ್ತು. ಅದನ್ನು ಯಾವಾಗ ಬಳಿದಳೋ. ನನ್ನ ಎದುರಿಗೆ ಕೂತೇ ಬಳಿದಿರಬೇಕು. ಅವಳು ಕತ್ತು ನೆಟ್ಟಗೆ ಮಾಡಿ ಯಾರನ್ನೂ ನೋಡದೆ ಹೋಗುತ್ತಿದ್ದಳು. ಬಿಡುಗಡೆಯ ಆದೇಶ ಬರುವುದಿಲ್ಲವೆಂದು ಗೊತ್ತಿದ್ದೂ ಕಾವಲು ಬಿಡದ ನಡಿಗೆ. ನೀರಿನ ಚೀಲ ನನ್ನ ಹೆಗಲಿನಿಂದ ಜಾರಿ ಮೊಣಕೈಗೆ ಬಂದದ್ದೂ ನನಗೆ ಗೊತ್ತಾಗಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಮೆರವಣಿಗೆ ಮುಗಿಯಿತು. ಬಿರಾದಾರ ‘ಶಾಂತ ರೀತಿಯಿಂದ’ ಎಂದು ಬರೆದುಕೊಂಡ.

ಮರುದಿನ ಸುಹಾಸ ನಾಲ್ಕುನೂರು ಫೋಟೋಗಳೊಂದಿಗೆ ಮನೆಗೆ ಬಂದ. ಊಟದ ಮೇಜಿನ ಮೇಲೆ ಕಂಪ್ಯೂಟರು ಇಟ್ಟು ಮೂವರೂ ಕುಳಿತೆವು. ಕೆಲವದರಲ್ಲಿ ರೆಕ್ಕೆ ಅರ್ಧ, ಕೆಲವದರಲ್ಲಿ ಕೊಕ್ಕು ತುಂಡು, ಕೆಲವದರಲ್ಲಿ ಬಸ್ಸು ಅಡ್ಡ. ಎಲ್ಲ ಸರಿಯಾಗಿದ್ದದ್ದು ಒಂದೇ. ರೆಕ್ಕೆಗಳು ರಸ್ತೆಯ ಅಗಲಕ್ಕೆ ಬಿಚ್ಚಿವೆ, ಬಿಸಿಲು ಗರಿಗಳನ್ನು ಹಾದು ಬಂದಿದೆ. ಒಬ್ಬ ಹೂಕೋಸಿನ ಚೀಲ ಹೊತ್ತಿದ್ದಾನೆ, ಇಬ್ಬರು ಹೆಂಗಸರು ರವಿಕೆಯ ಬಟ್ಟೆಗೆ ಚೌಕಾಸಿಯಲ್ಲಿದ್ದಾರೆ, ಸ್ಕೂಟರಿನವನು ಮೂಗು ಒರೆಸಿಕೊಳ್ಳುತ್ತಿದ್ದಾನೆ. ಒಬ್ಬರೂ ಕೊಕ್ಕರೆಯ ಕಡೆ ನೋಡುತ್ತಿಲ್ಲ. ಎಡಗಡೆಯ ಅಂಚಿನಲ್ಲಿ, ಪಾತ್ರೆ ಅಂಗಡಿಯ ಮೆಟ್ಟಿಲ ಹತ್ತಿರ, ಬಿಳಿ ಅಂಗಿಯ ಒಬ್ಬ ಮುದುಕ ಮಾತ್ರ, ಚೀಲ ಮೊಣಕೈಯಲ್ಲಿ ಜೋತು ಬಿದ್ದದ್ದೂ ತಿಳಿಯದೆ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾನೆ.

ಇಡೀ ಲಕ್ಷ್ಮೀ ರಸ್ತೆ ಸಹಕರಿಸಿತ್ತು. ಕರಾರು ಮುರಿದವನು ಅನುಮತಿ ತಂದವನೇ.

“ಎರಡು ನಿಮಿಷದ ಕೆಲಸ ಅಂಕಲ್,” ಎಂದ ಸುಹಾಸ ಮೆಲ್ಲಗೆ. “ನಿಮ್ಮನ್ನು ತೆಗೆದು ಅಲ್ಲಿ ಎರಡು ಕೊಡಪಾನ ಇಟ್ರಾಯ್ತು. ಯಾರಿಗೂ ಗೊತ್ತಾಗುದಿಲ್ಲ.”

ದಾಖಲೆಯಲ್ಲಿ ಒಂದು ಅಕ್ಷರ ತಿದ್ದಿದವನಲ್ಲ ನಾನು. ತಿದ್ದಿದವರ ಮೇಲೆ ವರದಿ ಬರೆದವನು. ಆದರೂ ನನ್ನ ಬಾಯಿಂದಲೇ ಬಂತು: “ತಗದಬಿಡಪಾ. ಕೊಡಪಾನ ಇಡು.”

ಪಲ್ಲವಿ ಚಿತ್ರವನ್ನು ದೊಡ್ಡದು ಮಾಡಿದಳು. ತನ್ನ ರೆಕ್ಕೆಯನ್ನಲ್ಲ, ಎಡಗಡೆಯ ಅಂಚನ್ನು. ನನ್ನ ತೆರೆದ ಬಾಯಿ ಪರದೆಯ ತುಂಬ ಆಯಿತು. ಒಳಗೆ ಕಟ್ಟಿಸಿದ ಎರಡು ಹಲ್ಲುಗಳೂ ಸ್ಪಷ್ಟವಾಗಿ ಕಂಡವು. ಬಹಳ ಹೊತ್ತು ನೋಡಿದಳು.

“ಇರಲಿ,” ಎಂದಳು.

“ಏನ ಇರಲಿ? ಕರಾರಿನಾಗ ಬರದಾರ. ಒಬ್ಬರೂ ನೋಡಬಾರದು ಅಂತ. ಕಡೀ ವರ್ಷ ಅದ ನಿಂದು.”

“ತಿದ್ದಬಾರದು ಅಂತನೂ ಬರದಾರಲ್ಲಪಾ,” ಎಂದು ಕಳಿಸಿಯೇ ಬಿಟ್ಟಳು.

ಅದಾದ ಮೇಲೆ ಮೂರು ವಾರ ನಾನು ಹೇಗೆ ಕಳೆದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ದಿನಾ ನಾಲ್ಕು ಸಲ, ಏನಾದರೂ ಆವಕ ಇದೆಯೇ ಎಂದು ಕೇಳಿ, ಮನೆಯಲ್ಲಿ ಬೈಸಿಕೊಂಡೆ. ಮೊನ್ನೆ ಉತ್ತರ ಬಂತು. ಮಂಗಳವಾರ ವೇಷವನ್ನು ಮುಂಬಯಿಗೆ ತಂದು ತೋರಿಸಬೇಕು. ಹದಿನೈದು ಮಂದಿಯನ್ನು ಕರೆದಿದ್ದಾರೆ, ಆರಿಸುವುದು ಆರು ಮಂದಿಯನ್ನು. ಒಬ್ಬ ಸಹಾಯಕರನ್ನು ಕರೆತರಬಹುದು. ಎಡ ಅಂಚಿನ ಮನುಷ್ಯನ ಬಗ್ಗೆ ಒಂದು ಅಕ್ಷರವಿಲ್ಲ. ಅವರು ನನ್ನನ್ನು ಗಮನಿಸಲೇ ಇಲ್ಲವೋ, ಇಲ್ಲ ಪ್ರತಿ ಊರಿನ ಪ್ರತಿ ರಸ್ತೆಯಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆಂದು ಮಾಫಿ ಕೊಟ್ಟರೋ, ಪತ್ರದಿಂದ ತಿಳಿಯುವುದಿಲ್ಲ. ಸಹಾಯಕರ ಹೆಸರಿನ ಮುಂದೆ ಪಲ್ಲವಿ ನನ್ನ ಹೆಸರು ಬರೆದಳು. ಕೇಳದೆಯೇ ಬರೆದಳು. ಮೆರವಣಿಗೆಯ ದಿನದಿಂದ ಗೂಟಕ್ಕೇ ತೂಗುತ್ತಿದ್ದ ಬಿಳಿ ಅಂಗಿ ಒಗೆಯಲು ಹೊರಬಂದದ್ದು ಅದಕ್ಕೇ, ಬಿಲ್ಲೆ ಸಿಕ್ಕಿಬಿದ್ದದ್ದೂ ಅದಕ್ಕೇ.

ನಿಮಗೆ ಹೇಳಿದ್ದನ್ನೇ ಸುಮಿತ್ರಾಳಿಗೂ ಹೇಳಿದೆ, ಆನೆಯ ಭಾಗ ಬಿಟ್ಟು. ಅವಳು ಕೇಳಿ ಮುಗಿಸಿ, ಕೊರಳ ತಾಳಿಯ ಸರದಲ್ಲಿ ಸದಾ ತೂಗುವ ಮೂರು ಪಿನ್ನುಗಳಲ್ಲಿ ದೊಡ್ಡದನ್ನು ಬಿಡಿಸಿ ನನ್ನ ಮುಂದೆ ಹಿಡಿದಳು.

“ತಗೋರಿ. ಬಿಲ್ಲಾ ಹಚ್ಚಿಕೊಂಡು ಹೋಗ್ರಿ. ಇಲ್ಲಾಂದ್ರ ಅಲ್ಲೂ ನಿಮ್ಮನ್ನ ಬಾಜೂಕ ನಿಲ್ಲಸ್ತಾರ.”

ಅವಳ ಅಂಗೈಯನ್ನು ಮಡಚಿ ಪಿನ್ನನ್ನು ಅವಳಿಗೇ ಬಿಟ್ಟೆ.

“ಬ್ಯಾಡ,” ಎಂದೆ. “ಬಾಜೂಕ ನಿಂತರನ ಕಾಣಸ್ತದ.”

ಜೇಬಿನಲ್ಲಿ ಸಿಕ್ಕ ಒಂದು ವಸ್ತುವಿಗೆ ಅವಳು ಮುಂದಿನ ಪ್ರಶ್ನೆ ಕೇಳದೆ ಬಿಟ್ಟದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಬಿಲ್ಲೆಯನ್ನು ದೇವರ ಗೂಡಿನ ಅಂಚಿನಲ್ಲಿಟ್ಟು, ಅಂಗಿ ತೆಗೆದುಕೊಂಡು ಒಗೆಯಲು ಹೋದಳು.